ಅರ್ಧಕ್ಕೆ ನಿಂತ ಕೌದಿ

ಧಾರವಾಡದ ಸಂತೆಯಲ್ಲಿ, ಹಳೆಯ ಬಟ್ಟೆಗಳ ನಡುವೆ, ಹೊಲಿಗೆ ಅರ್ಧಕ್ಕೆ ನಿಂತ ಕೌದಿಯೊಂದು ನನಗೆ ದೊರೆಯಿತು. ಇಳಕಲ್ಲ ಸೀರೆಯ ಸೆರಗು, ಗುಳೇದಗುಡ್ಡದ ಖಣ ಕಂಡು ನೂರು ವರ್ಷದ್ದೆಂದು ಹಿಗ್ಗಿದೆ. ಆದರೆ ನಡುವಿನ ತುಂಡೊಂದರ ಎಳೆಯನ್ನು ಸುಟ್ಟಾಗ ಅದು ಬೂದಿಯಾಗದೆ, ಕರಿಹೊಗೆಯುಗುಳಿ, ಕರಗಿ ಗಟ್ಟಿ ಮಣಿಯಾಯಿತು. ಅದು ಪಾಲಿಯೆಸ್ಟರ್, 1941ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಸಿದ್ಧವಾದ ನೂಲು. ಆಮೇಲೆ ಹಾಕಿದ ತೇಪೆಯೂ ಅಲ್ಲ. ಮೂಲ ಹೊಲಿಗೆಯೇ ಅದರ ಮೇಲೆ ಹಾಯ್ದಿತ್ತು. ಕಾವ್ಯವೊಂದು ಸ್ಮರಿಸುವ ಪೂರ್ವಕವಿಗಳಲ್ಲಿ ಕಡೆಯವನೇ ಅದರ ಕಾಲದ ಎಲ್ಲೆಯನ್ನು ತಿಳಿಸುವಂತೆ, ಕೌದಿಗೆ ಅತಿ ಹೊಸ ಚಿಂದಿಯೇ ಸಾಕ್ಷಿ.

ಉಳಿದುದನ್ನು ನಾನೇ ಮುಗಿಸಿದೆ. ಆದರೆ ಆ ಅಜ್ಞಾತ ತಾಯಿಯ ಬಿಳಿದಾರವನ್ನು ಅನುಕರಿಸಲಿಲ್ಲ. ಸಂಪಾದಕನು ಲುಪ್ತಪಾಠವನ್ನು ಕಂಸದಲ್ಲಿ ತುಂಬುವಂತೆ ಕೆಂಪುದಾರ ಬಳಸಿದೆ. ಆಕೆಯ ಕೈ ಎಲ್ಲಿ ನಿಂತಿತೆಂಬುದು ಅಳಿಯಬಾರದಷ್ಟೆ.