ಹುಟ್ಟಿನ ತುದಿಯಲ್ಲಿ ಬದನೆಕಾಯಿ

ಕನ್ನಡದಲ್ಲಿ ಹುಟ್ಟು ಎಂದರೆ ದೋಣಿ ನಡೆಸುವ ಕೋಲೂ ಹೌದು, ಅಡುಗೆಮನೆಯ ಮರದ ಸೌಟೂ ಹೌದು. ಎರಡೂ ಒಂದೇ ಆಗಿರುವುದನ್ನು ನಾನು ಕಂಡದ್ದು ಟೋಕಿಯೊದ ರೊಪ್ಪೊಂಗಿಯ ಓಣಿಯೊಂದರಲ್ಲಿ.

ಜಾರುಬಾಗಿಲು ಸರಿಸಿದ್ದೇ ತಡ, ಆರೇಳು ಗಂಟಲುಗಳು ಒಟ್ಟಿಗೆ ‘ಇರಶ್ಶೈಮಾಸೆ!’ ಎಂದು ಅಬ್ಬರಿಸಿದವು. ‘ಬನ್ನಿ’ ಎನ್ನುವ ಮಾತೇ ಅದು, ಆದರೂ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಒಳಗೆ ಮೂರು ಬದಿಗೆ ಮರದ ಕಟ್ಟೆ, ಅದರ ಸುತ್ತ ಗಿರಾಕಿಗಳು. ನಡುವೆ ಮಂಜುಗಡ್ಡೆಯ ಮೇಲೆ ಮೀನು, ಸೀಗಡಿ. ಬಿದಿರುಬುಟ್ಟಿಗಳಲ್ಲಿ ಶಿಟಾಕೆ ಅಣಬೆ, ಗೆಣಸು, ಬದನೆ, ಎಳೆ ಹಸಿರುಮೆಣಸು. ಅದರಾಚೆ ಎತ್ತರದ ಜಗಲಿಯ ಮೇಲೆ, ಕೆಂಡದ ಒಲೆಯೆದುರು, ವಜ್ರಾಸನದಲ್ಲಿ ಕೂತ ಇಬ್ಬರು. ಮೆನು ಓದಲು ಬಾರದಿದ್ದರೂ ಅಡ್ಡಿಯಿಲ್ಲ, ಬೆರಳು ತೋರಿಸಿದರೆ ಸಾಕು. ಮಾಣಿ ಅದನ್ನು ಕೂಗುತ್ತಾನೆ, ಉಳಿದವರೆಲ್ಲ ಮರುಕೂಗುತ್ತಾರೆ. ಹಳೆಯ ಉಡುಪಿ ಹೋಟೆಲುಗಳಲ್ಲಿ ‘ಎರಡು ಮಸಾಲೆ’ ಎಂದು ಒಳಕ್ಕೆ ಕೂಗುತ್ತಿದ್ದುದನ್ನು ಕೇಳಿದವರಿಗೆ ಇದು ಹೊಸತಲ್ಲ. ಅಲ್ಲಿ ಕೂಗುತ್ತಿದ್ದವನು ಒಬ್ಬ, ಇಲ್ಲಿ ಇಡೀ ಅಂಗಡಿ.

ಇಬ್ಬರಲ್ಲಿ ಹಿರಿಯನ ಮೇಲಿಂದ ನನ್ನ ಕಣ್ಣು ಕೀಳಲಾಗಲಿಲ್ಲ. ತಲೆಗೆ ಬಿಗಿದ ಬಟ್ಟೆ, ಮಡಿಚಿದ ಕಾಲು, ಪಕ್ಕದಲ್ಲಿ ಆಳುದ್ದವನ್ನೂ ಮೀರಿದ ಮರದ ಹುಟ್ಟು. ಬೆಂದದ್ದನ್ನು ತಟ್ಟೆಗಿಟ್ಟು, ತಟ್ಟೆಯನ್ನು ಹುಟ್ಟಿನ ಚಪ್ಪಟೆ ತುದಿಗಿಟ್ಟು, ಹಿಡಿಯನ್ನು ಸೊಂಟಕ್ಕೆ ಒತ್ತಿ, ಮೀನಿನ ರಾಶಿಯ ಮೇಲಿಂದ ಮೆಲ್ಲನೆ ಚಾಚುತ್ತಾನೆ. ತುಂಬಿದ ಬಿಯರ್ ಲೋಟವೂ ಹಾಗೇ ಬಂತು, ನೊರೆ ಕೂಡ ಅಲುಗಲಿಲ್ಲ. ಅವನು ನೋಡುತ್ತಿದ್ದುದು ಲೋಟವನ್ನಲ್ಲ, ನನ್ನ ಕೈಗಳನ್ನು. ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ತನಕ ಹುಟ್ಟು ಹಿಂದಕ್ಕೆ ಹೋಗುವುದಿಲ್ಲ. ಇದುವರೆಗೆ ಎಷ್ಟು ಸಲ ಬೀಳಿಸಿದ್ದೀರಿ ಎಂದು ಜೊತೆಗಿದ್ದ ಮೈಸೂರಿನ ಗೆಳೆಯನಿಂದ ಕೇಳಿಸಿದೆ. ಒಂದು ಬೆರಳೆತ್ತಿದ. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಎತ್ತಿದ.

ಈ ಬಗೆಯ ಊಟಕ್ಕೆ ‘ರೊಬತಯಾಕಿ’ ಎಂದು ಹೆಸರು. ರೊಬತ ಎಂದರೆ ಒಲೆಯ ಬದಿ, ಯಾಕಿ ಎಂದರೆ ಸುಟ್ಟದ್ದು. ಉತ್ತರದ ಮೀನುಗಾರರು ದೋಣಿಯಲ್ಲೇ ಒಲೆ ಹೂಡಿ, ಬೆಂದದ್ದನ್ನು ಪಕ್ಕದ ದೋಣಿಗೆ ಹುಟ್ಟಿನಲ್ಲಿ ದಾಟಿಸುತ್ತಿದ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ರುಚಿಸಿದ್ದು ಸೆಂಡಾಯ್ ನಗರದ ಅಮಾಎ ತೊಮಿಯಾ ಅವರ ಕಥೆ. ಮಕ್ಕಳ ಕವಿತೆಗಳಿಗೆ ದುಡಿದ ಈ ಮನುಷ್ಯ 1928ರಲ್ಲಿ ಕೊಕೆಶಿ ಎಂಬ ಮರದ ಗೊಂಬೆಗಳ ಬಗ್ಗೆ ಪುಸ್ತಕ ಬರೆದರು. 1950ರಲ್ಲಿ ‘ರೊಬತ’ ಎಂಬ ಹೆಸರಿನ ಪುಟ್ಟ ಪಾನಗೃಹ ತೆರೆದು, ಹಳ್ಳಿಮನೆಯ ನೆಲದೊಲೆಯ ಮುಂದೆ ತಾವೇ ಕೂತರು. ಅಲ್ಲಿಂದ ಈ ಪದ್ಧತಿ ಕುಶಿರೊ, ಒಸಾಕಗಳಿಗೆ ಹೋಯಿತು. ಹಳ್ಳಿ ಬಿಟ್ಟು ಪಟ್ಟಣದ ಕಚೇರಿ ಸೇರಿದವರಿಗೆ ಸಂಜೆ ಹೊತ್ತು ಕಾಸು ಕೊಟ್ಟರೆ ಸಿಗುವ ಹಳ್ಳಿ! ನಾಟಕವೇ, ಸರಿ. ಆದರೆ ಬೆಂಕಿ ಮಾತ್ರ ನಿಜದ್ದು.

ಆ ಬೆಂಕಿಯ ಇದ್ದಿಲಿಗೆ ಬಿಂಚೊತಾನ್ ಎನ್ನುತ್ತಾರೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇದನ್ನು ಮಾರುತ್ತಿದ್ದ ತನಾಬೆಯ ವರ್ತಕ ಬಿಚ್ಚೂಯಾ ಚೋಝಾಎಮೊನ್‌ನ ಹೆಸರೇ ಮೊಟಕಾಗಿ ಹೀಗಾಗಿದೆ. ವಕಾಯಾಮಾ ಸೀಮೆಯ ಉಬಾಮೆ ಓಕ್ ಮರವನ್ನು ದಿನಗಟ್ಟಲೆ ಮೆಲ್ಲಗೆ ಬೇಯಿಸಿ, ಕೊನೆಗೆ ಗೂಡಿಗೆ ಗಾಳಿ ಬಿಟ್ಟು ಸಾವಿರ ಡಿಗ್ರಿ ದಾಟಿಸುತ್ತಾರೆ. ನಿಗಿನಿಗಿ ಇರುವಾಗಲೇ ಹೊರಗೆಳೆದು ಬೂದಿಮಣ್ಣು ಮುಚ್ಚುತ್ತಾರೆ. ಎರಡು ತುಂಡು ತಾಗಿಸಿದರೆ ಲೋಹದಂತೆ ಟಣ್ ಎನ್ನುತ್ತದೆ. ಹೊಗೆ ತೀರಾ ಕಡಿಮೆ. ಹಿರಿಯ ಬೀಸಣಿಗೆ ಆಡಿಸಿದ ಕಡೆಗೆ ಕಾವು ಹೋಗುತ್ತಿತ್ತು.

ನನ್ನ ಬದನೆಕಾಯಿ ಬಂತು. ಸಿಪ್ಪೆ ಕಪ್ಪಾಗುವಷ್ಟು ಸುಟ್ಟು, ಬಿಸಿಯಲ್ಲೇ ಸುಲಿದು, ಶುಂಠಿ ತುರಿದು, ಸೋಯಾ ರಸ ಹನಿಸಿದ್ದು. ಮೇಲೆ ಉದುರಿಸುವ, ಉಗಿಗೆ ಕುಣಿಯುವ ತೆಳು ಎಸಳುಗಳು ಒಣಮೀನಿನವು. ಸಸ್ಯಾಹಾರಿಗಳು ಮೊದಲೇ ಹೇಳಿ ಬಿಡಿಸಿಕೊಳ್ಳಬೇಕು. ಬಾಯಿಗಿಟ್ಟರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ, ಹುಣಸೆ ಬೆಲ್ಲ ಮಾತ್ರ ಇಲ್ಲ. ಉಳಿದ ತಿನಿಸುಗಳ ಬಗ್ಗೆ ಹೆಚ್ಚು ಹೇಳಲಾರೆ, ಉಪ್ಪು ಹಾಕಿ ಸುಟ್ಟದ್ದು ಅಷ್ಟೆ. ಬಿಲ್ಲಿನ ಬಗ್ಗೆಯೂ ಹೇಳಲಾರೆ. ಗೆಳೆಯ ಕೊಟ್ಟ.

ಬೀದಿಗೆ ಬಂದರೆ ಬೇರೆಯೇ ಕಾಲ. ಎಷ್ಟೋ ಪಾನಗೃಹಗಳಲ್ಲಿ ಈಗ ಬೇಕಾದುದನ್ನು ಪರದೆಯ ಮೇಲೆ ಒತ್ತಿ ತರಿಸಿಕೊಳ್ಳುತ್ತಾರೆ. 2018ರಲ್ಲಿ ಶಿಂಬಾಶಿಯಲ್ಲಿ ಶುರುವಾದ ‘ಯಾಕಿನಿಕು ಲೈಕ್’ ಅಂಗಡಿಯಲ್ಲಿ ತಲೆಗೊಂದು ಪುಟ್ಟ ಒಲೆ. ಒಬ್ಬರೇ ಬಂದು, ಒಬ್ಬರೇ ಸುಟ್ಟುಕೊಂಡು ಏಳಬಹುದು. ಅದೂ ಬೇಕು, ಒಂಟಿಯವರಿಗೂ ಹಸಿವಿದೆಯಲ್ಲ. ಆದರೆ ಹುಟ್ಟಿಗೆ ಕೆಲಸವಿರುವುದು ಬೇಯಿಸುವವನಿಗೂ ತಿನ್ನುವವನಿಗೂ ನಡುವೆ ಅಂತರವಿದ್ದಾಗ. ಕೂಗಿಗೂ ಅಷ್ಟೆ. ಕೋವಿಡ್ ಕಾಲದಲ್ಲಿ ಜಪಾನಿನಲ್ಲಿ ‘ಮೊಕುಶೊಕು’, ಅಂದರೆ ಮಾತಿಲ್ಲದ ಊಟ, ನಡೆಯಿತು. ಗೆಳೆಯ ಆಗೊಮ್ಮೆ ಇಲ್ಲಿಗೆ ಬಂದಿದ್ದನಂತೆ. ಬೆರಳು ತೋರಿಸಿದರೆ ತಲೆದೂಗು, ಮರುಕೂಗಿಲ್ಲ. ಇದ್ದಿಲು ಚಟಗುಟ್ಟುವುದು ಅವನಿಗೆ ಮೊದಲ ಸಲ ಕೇಳಿಸಿದ್ದು ಅಂದೇ.

ನಾವು ಏಳುವಾಗ ಜನ ಕರಗಿದ್ದರು. ಹಿರಿಯ ಒಲೆ ಮುಚ್ಚುತ್ತಿದ್ದ. ಕೆಂಡಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಎತ್ತಿ ಮಡಕೆಗೆ ಹಾಕಿ, ಮುಚ್ಚಳ ಮುಚ್ಚಿದ. ಗಾಳಿಯಿಲ್ಲದೆ ಆರಿದ ಇದ್ದಿಲು ನಾಳೆಗೆ ಮತ್ತೆ ಬರುತ್ತದೆ. ಮಂಡಿ ಬಿಡಿಸಿ ಏಳಲು ಹೊರಟವನಿಗೆ ಕೂಡಲೇ ಏಳಲಾಗಲಿಲ್ಲ. ಕೈಚಾಚಿ ಹುಟ್ಟನ್ನು ತೆಗೆದುಕೊಂಡ, ನೆಲಕ್ಕೆ ಊರಿಕೊಂಡ.