ಅಪರೂಪದ ಕರುಳಿನ ಗಡ್ಡೆಯೂ ಗಡಿನಾಡಿನ ಲೆಕ್ಕವೂ

ಹೊಟ್ಟೆನೋವು ಬಾರದ ಮನೆಯಿಲ್ಲ. ಒಂದು ಲೋಟ ಓಮದ ಕಷಾಯಕ್ಕೋ ಎರಡು ದಿನದ ಗಂಜಿಯೂಟಕ್ಕೋ ಅದು ಬಹುಮಟ್ಟಿಗೆ ಶಮನವಾಗುತ್ತದೆ. ಆದರೆ ತಿಂಗಳುಗಟ್ಟಲೆ ಬಂದು ಹೋಗುವ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಔಷಧಿಗೂ ಗುಣವಾಗದ ರಕ್ತಹೀನತೆ, ಟಾರಿನಂತೆ ಕಪ್ಪಾದ ಮಲ – ಇವುಗಳ ಹಿಂದೆ ಅತಿ ವಿರಳವಾಗಿ ಸಣ್ಣ ಕರುಳಿನ ಗಡ್ಡೆಯೂ ಅಡಗಿರಬಹುದು. ಈ ರೋಗ ಯಾರಿಗೆ, ಏಕೆ ಬರುತ್ತದೆ ಎಂಬುದಕ್ಕೆ ವೈದ್ಯಲೋಕ ಇನ್ನೂ ಪೂರ್ಣ ಉತ್ತರ ಕಂಡುಕೊಂಡಿಲ್ಲ. ಆ ಹುಡುಕಾಟದಲ್ಲಿ ಗಡಿನಾಡಿನವರಾದ ನಮ್ಮ ಪಾಲೂ ಇದೆ ಎಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿದೆ. ಜೀರ್ಣಮಾರ್ಗದ ಉದ್ದದಲ್ಲಿ ಮುಕ್ಕಾಲು ಪಾಲು ಅದರದೇ. ಆದರೂ ಜೀರ್ಣಾಂಗಗಳ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಷ್ಟು ಕೂಡ ಅಲ್ಲಿ ಹುಟ್ಟುವುದಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಸುಮಾರು ಒಂದೂವರೆ ಲಕ್ಷ ಜನರಿಗೆ ಬಂದರೆ, ಸಣ್ಣ ಕರುಳಿನದು ಬರುವುದು ಸುಮಾರು 12 ಸಾವಿರ ಜನರಿಗೆ. ಅದರಲ್ಲಿಯೂ ಜಾತಿ ಒಂದೇ ಅಲ್ಲ. ಕರುಳಿನ ಒಳಪೊರೆಯ ಕ್ಯಾನ್ಸರ್, 1907ರಲ್ಲಿ ಜರ್ಮನಿಯ ವೈದ್ಯ ಓಬರ್ನ್‌ಡಾರ್ಫರ್ ಅವರು ಹೆಸರಿಟ್ಟ ಕಾರ್ಸಿನಾಯ್ಡ್, ಲಿಂಫೋಮ ಮುಂತಾದವುಗಳ ಸ್ವಭಾವ ಬೇರೆ, ಕಾರಣಗಳೂ ಬೇರೆ.

ಕೆಲವು ಕಾರಣಗಳು ಈಗಾಗಲೇ ಖಚಿತವಾಗಿವೆ. ಕರುಳಿನಲ್ಲಿ ನೂರಾರು ಪಾಲಿಪ್‌ಗಳು ಬೆಳೆಯುವ ವಂಶಪಾರಂಪರ್ಯ ರೋಗ, ಲಿಂಚ್ ಸಿಂಡ್ರೋಮ್, ಬಹುಕಾಲ ಕಾಡುವ ಕ್ರೋನ್ಸ್ ಕಾಯಿಲೆ, ಗೋಧಿಯ ಅಂಶ ಒಗ್ಗದ ಸೀಲಿಯಾಕ್ ರೋಗ – ಇವುಳ್ಳವರಿಗೆ ಅಪಾಯ ಹೆಚ್ಚು. ಆದರೆ ರೋಗಿಗಳಲ್ಲಿ ಹೆಚ್ಚಿನವರಿಗೆ ಇವಾವುವೂ ಇರುವುದಿಲ್ಲ. ಹಾಗಾದರೆ ಅವರಿಗೆ ಬಂದದ್ದೇಕೆ? ಆಹಾರವೇ, ಮದ್ಯವೇ, ಬೊಜ್ಜೇ? ಒಬ್ಬ ವೈದ್ಯರು ತಮ್ಮ ಇಡೀ ಸೇವಾವಧಿಯಲ್ಲಿ ಕಾಣುವ ಬೆರಳೆಣಿಕೆಯ ರೋಗಿಗಳಿಂದ ಇದನ್ನು ಹೇಳಲಾಗದು. ಲಕ್ಷಾಂತರ ಜನರ ವಿವರವನ್ನು ಒಟ್ಟುಗೂಡಿಸಿ ಲೆಕ್ಕ ಹಾಕಬೇಕಾಗುತ್ತದೆ.

ಲಕ್ಷಗಳೂ ಸಾಲವು ಎಂಬುದಕ್ಕೆ 2012ರಲ್ಲಿ ಪ್ರಕಟವಾದ ಪೂರ್ವ ಏಷ್ಯದ ಅಧ್ಯಯನವೇ ಸಾಕ್ಷಿ. ಅಲ್ಲಿ 5 ಲಕ್ಷಕ್ಕೂ ಮಿಕ್ಕಿದ ಜನರ ಮೇಲೆ ಹಲವು ವರ್ಷ ಕಣ್ಣಿಟ್ಟಾಗ ಕಂಡುಬಂದ ಸಣ್ಣ ಕರುಳಿನ ಕ್ಯಾನ್ಸರ್ ಪ್ರಕರಣಗಳು ಕೇವಲ 134. ಅತಿತೂಕವೂ ವಿಪರೀತ ಮದ್ಯಪಾನವೂ ಕಾರಣವಾಗಿರಬಹುದೆಂಬ ಸುಳಿವು ದೊರೆಯಿತೇ ಹೊರತು ಖಚಿತ ತೀರ್ಮಾನ ಸಾಧ್ಯವಾಗಲಿಲ್ಲ. ಸ್ವೀಡನ್ ದೇಶದಲ್ಲಿ 1947ರಿಂದ ಪ್ರತಿಯೊಬ್ಬ ನಿವಾಸಿಗೂ ಒಂದು ಗುರುತು ಸಂಖ್ಯೆಯಿದೆ, 1958ರಿಂದ ಇಡೀ ದೇಶದ ಕ್ಯಾನ್ಸರ್ ನೋಂದಣಿಯಿದೆ. ಇವುಗಳನ್ನು ಕುಟುಂಬದ ದಾಖಲೆಗಳೊಡನೆ ಜೋಡಿಸಿ ನೋಡಿದ್ದರಿಂದಲೇ, ತಂದೆ ಅಥವಾ ತಾಯಿಗೆ ಕಾರ್ಸಿನಾಯ್ಡ್ ಇದ್ದಲ್ಲಿ ಮಕ್ಕಳಿಗೂ ಅದರ ಅಪಾಯ ಇತರರಿಗಿಂತ ಹೆಚ್ಚೆಂಬುದು ಬೆಳಕಿಗೆ ಬಂತು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷವೇ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಆ ನಗರದ ಲೆಕ್ಕ ಶುರುವಾಯಿತು. ಈ ಲೆಕ್ಕಕ್ಕೊಂದು ನಿಯಮವಿದೆ: ಆ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸವಿರುವವರನ್ನು ಮಾತ್ರ ಸೇರಿಸಬೇಕು.

ಗಡಿನಾಡಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಆಂಧ್ರದ ಹಿಂದೂಪುರದ ಸಮೀಪ ಗೋರಂಟ್ಲವೆಂಬ ಊರಿದೆ. ಆ ಸೀಮೆಯಲ್ಲಿ ನಮ್ಮಂತೆಯೇ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ ಎಂದು ಬಾಳುವ ಕುಟುಂಬಗಳಿವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರು ಹೇಗೋ, ದೊಡ್ಡ ಕಾಯಿಲೆ ಬಂದರೆ ಅವರಿಗೆ ಬೆಂಗಳೂರು ಹಾಗೆ. ಗೋರಂಟ್ಲದ ರೋಗಿಯೊಬ್ಬನಿಗೆ ಬೆಂಗಳೂರಿನಲ್ಲಿ ಗಡ್ಡೆ ಪತ್ತೆಯಾಯಿತೆನ್ನೋಣ. ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರಿರುತ್ತದೆ, ನಗರದ ನೋಂದಣಿಯಲ್ಲಿ ಇರಲಾರದು. ಅವನ ಮಾಹಿತಿ ಅವನ ಊರಿನ ಲೆಕ್ಕಕ್ಕೆ ತಲುಪಬೇಕು. ಆದರೆ ಓಡಾಟಕ್ಕೆ ಸುಲಭವೆಂದು ಅವನು ಬೆಂಗಳೂರಿನ ಅಳಿಯನ ಮನೆಯ ವಿಳಾಸ ಬರೆಸಿದ್ದರೆ? ಗೋರಂಟ್ಲದಲ್ಲಿ ಒಂದು ಕಡಿಮೆ, ಬೆಂಗಳೂರಿನಲ್ಲಿ ಒಂದು ಹೆಚ್ಚು. ಸಾಲದ್ದಕ್ಕೆ ಅನಂತಪುರ ಜಿಲ್ಲೆಯಲ್ಲಿದ್ದ ಗೋರಂಟ್ಲ 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಹಳೆಯ ಚೀಟಿಯಲ್ಲಿ ಒಂದು ಜಿಲ್ಲೆ, ಹೊಸದರಲ್ಲಿ ಇನ್ನೊಂದು.

ಭಿನ್ನರಾಶಿ ಕಲಿತ ಮಕ್ಕಳಿಗೂ ಇದು ಅರ್ಥವಾದೀತು. ಮೇಲಿನ ಅಂಶ ರೋಗಿಗಳ ಸಂಖ್ಯೆ, ಕೆಳಗಿನ ಛೇದ ಊರಿನ ಜನಸಂಖ್ಯೆ. ಸಾಮಾನ್ಯ ರೋಗದಲ್ಲಿ ಸಾವಿರಕ್ಕೆ ಒಂದು ತಪ್ಪಿದರೆ ಬಾಧಕವಿಲ್ಲ. ಅಪರೂಪದ ರೋಗದಲ್ಲಿ ನಾಲ್ಕು ಇದ್ದಲ್ಲಿ ಒಂದು ತಪ್ಪಿದರೆ ಕಾಲು ಭಾಗವೇ ಹೋಯಿತು. ನಮ್ಮ ನೀರು, ನಮ್ಮ ಅನ್ನ, ನಮ್ಮ ಕಸುಬಿನಲ್ಲಿ ಏನಾದರೂ ಅಪಾಯವಿದ್ದರೂ ಅದು ಲೆಕ್ಕದಲ್ಲಿ ಕಾಣಿಸಿಕೊಳ್ಳದು. ಬ್ರಿಟನ್ನಿನಲ್ಲಿ 2006ರಿಂದ 2010ರವರೆಗೆ 5 ಲಕ್ಷ ಜನರನ್ನು ಸೇರಿಸಿಕೊಂಡ ಬಯೋಬ್ಯಾಂಕ್ ಬಹು ಉಪಯುಕ್ತವಾದದ್ದೇ. ಆದರೆ ಅವರಲ್ಲಿ ಬಹುಪಾಲು ಬಿಳಿಯರು. ಗೋರಂಟ್ಲದ ರಾಗಿಮುದ್ದೆಯ ಕುರಿತಾಗಲಿ ನಮ್ಮ ಕುಚ್ಚಲಕ್ಕಿ ಗಂಜಿಯ ಕುರಿತಾಗಲಿ ಅದು ಏನು ಹೇಳೀತು?

ಭಾಷೆಯ ತೊಡಕೂ ಸಣ್ಣದಲ್ಲ. “ನಿಮ್ಮ ಮನೆತನದಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ?” ಎಂಬ ಪ್ರಶ್ನೆ ತಿಳಿಯದ ಭಾಷೆಯಲ್ಲಿ ಬಂದರೆ ನಮ್ಮ ಹಿರಿಯರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಹೊಟ್ಟೆಯಲ್ಲಿ ಗಂಟು ಬೆಳೆದು ತೀರಿಕೊಂಡ ಅಜ್ಜಿಯ ವಿಷಯ ಕಾಗದಕ್ಕೆ ಏರುವುದೇ ಇಲ್ಲ. ವೈದ್ಯರಿಗೆ ಅತ್ಯಗತ್ಯವಾದ ಮಾತು ಹಾಗೆ ಕಳೆದುಹೋಗುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮ ವಿನಂತಿಯಿಷ್ಟೆ. ಆಸ್ಪತ್ರೆ ಯಾವ ರಾಜ್ಯದ್ದೇ ಆಗಲಿ, ವಾಸವಿರುವ ಊರಿನ ವಿಳಾಸವನ್ನೇ ಕೊಡಿರಿ. ಪ್ರಾಯ, ಕಸುಬು, ಕುಡಿತ, ಬೀಡಿ ಯಾವುದನ್ನೂ ಮರೆಮಾಚಬೇಡಿರಿ. ಅಜ್ಜ ಅಜ್ಜಿಯರಿಂದ ತೊಡಗಿ ಮನೆತನದ ಕಾಯಿಲೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹಿರಿಯರ ಜೊತೆ ಎರಡೂ ಭಾಷೆ ಬಲ್ಲವರೊಬ್ಬರು ಹೋಗಲಿ. ಬಯಾಪ್ಸಿ ವರದಿ, ಸ್ಕ್ಯಾನ್ ಚೀಟಿಗಳನ್ನು ಎಸೆಯದಿರಿ. 2021ರಲ್ಲಿ ದೇಶವ್ಯಾಪಿಯಾಗಿ ಬಂದ 14 ಅಂಕೆಗಳ ಆರೋಗ್ಯ ಸಂಖ್ಯೆಯನ್ನು ಪಡೆಯುವುದು ಐಚ್ಛಿಕ. ಯಾವ ಮಾಹಿತಿ ಯಾರಿಗೆ ಹೋಗುತ್ತದೆಂದು ಕೇಳಿ ತಿಳಿದೇ ಒಪ್ಪಿಗೆ ಕೊಡಿರಿ.

ಹೊಟ್ಟೆನೋವು ಬಂದವರೆಲ್ಲ ಕ್ಯಾನ್ಸರೆಂದು ಹೆದರಬೇಕಾಗಿಲ್ಲ. ಅವೇ ಲಕ್ಷಣಗಳು ಕರುಳಿನ ಕ್ಷಯದಿಂದಲೂ ಬರುತ್ತವೆ, ಅದಕ್ಕೆ ಗುಣವಾಗುವ ಔಷಧಿಯಿದೆ. ಆದರೆ ತಿಂಗಳುಗಟ್ಟಲೆ ಕಷಾಯದಲ್ಲೇ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗುವುದು ಲೇಸು. ಬೇಗ ಪತ್ತೆಯಾದರೆ ರೋಗಿಗೆ ಒಳಿತು, ಸರಿಯಾಗಿ ದಾಖಲಾದರೆ ಅವನ ಮಕ್ಕಳಿಗೂ ಊರಿಗೂ ಒಳಿತು.