ಗದ್ದೆಯ ವಿಷವನ್ನು ಅಳೆಯುವ ಬಗೆ

ಜಪಾನ್ ದೇಶದ ತೊಯಾಮಾ ಪ್ರಾಂತದಲ್ಲಿ ಜಿಂಜೂ ಎಂಬ ನದಿಯುಂಟು. ಕಳೆದ ಶತಮಾನದಲ್ಲಿ ಅದರ ದಡದ ಹಳ್ಳಿಗಳನ್ನು ಘೋರವಾದ ರೋಗವೊಂದು ಕಾಡಿತು. ಮೂತ್ರಪಿಂಡಗಳು ಕೆಟ್ಟು, ಎಲುಬುಗಳು ಮೆತ್ತಗಾಗಿ ಮುರಿಯುತ್ತಿದ್ದವು. ನಡುವಯಸ್ಸು ದಾಟಿದ ಹೆಂಗಸರೇ ಹೆಚ್ಚಾಗಿ ಇದಕ್ಕೆ ತುತ್ತಾದರು. 'ಇತಾಯ್, ಇತಾಯ್', ಎಂದರೆ 'ನೋವು, ನೋವು' ಎಂಬ ಅವರ ನರಳಾಟವೇ ರೋಗದ ಹೆಸರಾಯಿತು. ಮೇಲ್ಗಡೆಯ ಕಾಮಿಯೋಕಾ ಗಣಿಯಿಂದ ನದಿಗೆ ಸೇರಿದ ಕ್ಯಾಡ್ಮಿಯಂ ಎಂಬ ಭಾರಲೋಹವೇ ಇದಕ್ಕೆ ಕಾರಣವೆಂದು 1968ರಲ್ಲಿ ಜಪಾನ್ ಸರ್ಕಾರ ಒಪ್ಪಿಕೊಂಡಿತು. ನದಿಯಿಂದ ಗದ್ದೆಗೆ, ಗದ್ದೆಯಿಂದ ಬತ್ತಕ್ಕೆ, ಬತ್ತದಿಂದ ಅನ್ನಕ್ಕೆ ವಿಷ ಇಳಿದು ಬಂದಿತ್ತು.

ಇಂತಹ ನೆಲವನ್ನು ಪರೀಕ್ಷಿಸುವುದು ಹೇಗೆ? ಗದ್ದೆಯ ಹಲವು ಕಡೆಗಳಿಂದ ಮಣ್ಣನ್ನೂ ಅಲ್ಲಿಯೇ ಬೆಳೆದ ಪೈರನ್ನೂ ತಂದು, ಒಣಗಿಸಿ, ಪುಡಿಮಾಡಿ, ಬೇರೆ ಬೇರೆಯಾಗಿ ಆಮ್ಲದಲ್ಲಿ ಕಾಯಿಸಿ ಲೋಹವನ್ನು ದ್ರಾವಣಕ್ಕೆ ಇಳಿಸುವರು. ದ್ರಾವಣವನ್ನು ತುಂತುರಾಗಿ ಜ್ವಾಲೆಗೆ ಹಾಯಿಸಿದರೆ ಲೋಹವು ಬಿಡಿ ಪರಮಾಣುಗಳಾಗುತ್ತದೆ. ಒಂದೊಂದು ಧಾತುವಿನ ಪರಮಾಣುವೂ ತನಗೆ ಒಪ್ಪುವ ಬೆಳಕನ್ನು ಮಾತ್ರ ಹೀರುವುದೆಂದು ನಾವು ಭೌತಶಾಸ್ತ್ರದಲ್ಲಿ ಓದುತ್ತೇವಷ್ಟೆ. ಕ್ಯಾಡ್ಮಿಯಂ 228.8 ನ್ಯಾನೊಮೀಟರ್ ತರಂಗದೂರದ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರುತ್ತದೆ. ಆ ಕಿರಣವನ್ನು ಜ್ವಾಲೆಯ ಮೂಲಕ ಕಳುಹಿಸಿ, ಅದು ಎಷ್ಟು ಕುಂದಿತೆಂದು ಅಳೆದರೆ ಲೋಹದ ಪ್ರಮಾಣ ತಿಳಿಯುತ್ತದೆ. ಈ ವಿಧಾನವನ್ನು 1955ರಲ್ಲಿ ಪ್ರಕಟಿಸಿದವನು ಆಸ್ಟ್ರೇಲಿಯಾದಲ್ಲಿದ್ದ ಭೌತವಿಜ್ಞಾನಿ ಆಲನ್ ವಾಲ್ಷ್.

ಮಣ್ಣೊಂದನ್ನೇ ಅಳೆದರೆ ಸಾಲದೆ? ಸಾಲದು. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ತೀರ ಕಡಮೆ. ಅಲ್ಲಿ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ, ಕರಗದ ಸಲ್ಫೈಡ್ ಆಗಿ ಕುಳಿತಿರುತ್ತದೆ, ಬೇರಿಗೆ ಎಟುಕದು. ಕೊಯ್ಲಿಗೆ ಮುನ್ನ ನೀರನ್ನು ಬಸಿದು ಗದ್ದೆಯನ್ನು ಆರಿಸಿದರೆ ಗಾಳಿ ಒಳಹೊಕ್ಕು, ಸಲ್ಫೈಡ್ ಒಡೆದು, ಲೋಹ ಕರಗಿ ಬೇರನ್ನು ಸೇರುತ್ತದೆ. ಮಣ್ಣು ಅದೇ, ಅದರಲ್ಲಿನ ಲೋಹವೂ ಅಷ್ಟೇ. ಅಕ್ಕಿಗೆ ಏರುವ ವಿಷ ಮಾತ್ರ ಬೇರೆ. ಮಣ್ಣಿನ ಹುಳಿ ಹೆಚ್ಚಿದಾಗಲೂ ಲೋಹ ಸುಲಭವಾಗಿ ಕರಗುವುದು. ಸುಣ್ಣ ಬೆರೆಸಿದರೆ ತಗ್ಗುವುದು.

ಈ ಸಂಗತಿಗೆ ಒಪ್ಪುವಂತೆಯೇ, ಜಪಾನಿನ 1970ರ ಕಾನೂನಿನ ಅನ್ವಯ ಗದ್ದೆಯ ದೋಷವನ್ನು ಅಕ್ಕಿಯಿಂದ ಗೊತ್ತುಮಾಡಲಾಯಿತು. ಒಂದು ಕಿಲೋಗ್ರಾಂ ಅಕ್ಕಿಯಲ್ಲಿ 1 ಮಿಲಿಗ್ರಾಂ ಕ್ಯಾಡ್ಮಿಯಂ ಕಂಡರೆ ಆ ನೆಲ ಕಲುಷಿತವೆಂದು ಎಣಿಕೆ. ಮುಂದೆ ಈ ಮಿತಿಯನ್ನು 0.4 ಮಿಲಿಗ್ರಾಂಗೆ ಇಳಿಸಿದರು.

ಎಲೆಗೊಬ್ಬರದಂತೆ ಲೋಹ ಕೊಳೆತು ಮಾಯವಾಗದು. ಕೆಟ್ಟ ಮಣ್ಣನ್ನು ಹೂತು ಒಳ್ಳೆಯ ಮಣ್ಣನ್ನು ಮೇಲೆ ಹರಡುವ ಕೆಲಸ ಜಿಂಜೂ ದಡದಲ್ಲಿ 1979ರಲ್ಲಿ ತೊಡಗಿ 2012ರಲ್ಲಿ ಮುಗಿಯಿತು. ಆದುದರಿಂದ ಗಣಿಯ ಅಥವಾ ಕಾರ್ಖಾನೆಯ ಬಳಿಯ ನೆಲವನ್ನು ಪರೀಕ್ಷಿಸುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು: ಮಣ್ಣಿನಲ್ಲಿ ಲೋಹ ಎಷ್ಟಿದೆ? ಅದರಲ್ಲಿ ಪೈರಿಗೆ ಏರಿದ್ದು ಎಷ್ಟು? ಉಣ್ಣುವವರ ಆರೋಗ್ಯ ಎರಡನೆಯದರ ಉತ್ತರದಲ್ಲಿದೆ.